ಸೇವೆಯೂ ಒಂದು ವಿದ್ಯೆ: ಪ್ರೌಢಶಾಲೆಯಲ್ಲಿ ಜನಸೇವಾ ವೃತ್ತಿಗಳ ತರಬೇತಿ

ಮನುಷ್ಯನು ಹೊಟ್ಟೆಪಾಡಿಗಾಗಿ ಕೈಗೊಳ್ಳುವ ಕಸಬುಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ವಸ್ತುವಿನೊಡನೆ ನಡೆಯುವ ಕಸಬು ಒಂದು. ಮನುಷ್ಯನೊಡನೆ ನಡೆಯುವ ಕಸಬು ಇನ್ನೊಂದು. ಬಡಿಗನಿಗೆ ಕಟ್ಟಿಗೆ, ಕಮ್ಮಾರನಿಗೆ ಕಬ್ಬಿಣ, ನೇಕಾರನಿಗೆ ನೂಲು, ಗುಮಾಸ್ತನಿಗೆ ಕಾಗದ. ಆದರೆ ದಾದಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ವಸತಿನಿಲಯದ ಮೇಲ್ವಿಚಾರಕನಿಗೆ, ಕಿವುಡ ಮೂಗ ಮಕ್ಕಳ ಶಿಕ್ಷಕನಿಗೆ, ಸಮಾಜಕಾರ್ಯಕರ್ತನಿಗೆ ಎದುರಿಗೆ ಇರುವುದು ಮನುಷ್ಯನೇ. ಈ ಎರಡನೆಯ ಬಗೆಯ ಕಸಬುಗಳನ್ನು ನಾನು ಇಲ್ಲಿ ‘ಜನಸೇವಾ ವೃತ್ತಿಗಳು’ ಎಂದು ಕರೆಯುತ್ತೇನೆ. ಪ್ರೌಢಶಾಲೆಯ ಮಟ್ಟದಲ್ಲಿಯೇ ವಿದ್ಯಾರ್ಥಿಗಳನ್ನು ಇವುಗಳಿಗೆ ಅಣಿಗೊಳಿಸಬಹುದೇ, ಅಣಿಗೊಳಿಸುವುದಾದರೆ ಹೇಗೆ, ಅದರಲ್ಲಿ ಅಡಗಿರುವ ಅಪಾಯಗಳಾವುವು ಎಂಬುದನ್ನು ನಮ್ಮ ಕಲಬುರಗಿಯ, ಅದರಲ್ಲಿಯೂ ನಾನು ವಾಸವಾಗಿರುವ ಬ್ರಹ್ಮಪುರದ ನಿದರ್ಶನದಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಈ ವೃತ್ತಿಗಳ ವಿಶೇಷವನ್ನು ಗಮನಿಸೋಣ. ಬಡಿಗನ ಶಿಷ್ಯನು ಒಂದು ಹಲಗೆಯನ್ನು ತಪ್ಪಾಗಿ ಕೊಯ್ದರೆ ಅದನ್ನು ಒಲೆಗೆ ಹಾಕಿ ಇನ್ನೊಂದನ್ನು ಎತ್ತಿಕೊಳ್ಳಬಹುದು. ರೋಗಿಯ ವಿಷಯದಲ್ಲಿ, ಎಳೆಯ ಮಗುವಿನ ವಿಷಯದಲ್ಲಿ ಹಾಗೆ ಮಾಡಲಾಗದು. ಎರಡನೆಯದಾಗಿ, ಹಲಗೆಗೆ ಇಚ್ಛೆಯಿಲ್ಲ. ಮನುಷ್ಯನಿಗೆ ಇಚ್ಛೆಯಿದೆ, ಮಾನವಿದೆ, ನಾಚಿಕೆಯಿದೆ. ಅವನಿಗೆ ಒಳಿತನ್ನು ಮಾಡುವಾಗಲೂ ಅವನ ಒಪ್ಪಿಗೆಯನ್ನು ಕೇಳಬೇಕಾಗುತ್ತದೆ. ಆದುದರಿಂದ ಈ ವಿದ್ಯೆಯು ಬರಿಯ ಪುಸ್ತಕದಿಂದ ಬರುವಂತಹುದಲ್ಲ. ತರಬೇತಿಯಿಲ್ಲದ ಒಳ್ಳೆಯ ಮನಸ್ಸಿನಿಂದಲೂ ಬರುವಂತಹುದಲ್ಲ. ನುರಿತವರ ಕಣ್ಣೆದುರಿಗೆ ಕೈಯಿಂದ ಮಾಡಿ ಕಲಿಯಬೇಕಾದ ವಿದ್ಯೆ ಇದು.

ಪ್ರೌಢಶಾಲೆಯಲ್ಲಿಯೇ ಏಕೆ?

ಇಷ್ಟು ಎಚ್ಚರಿಕೆಯ ವಿದ್ಯೆಯನ್ನು ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಏಕೆ ಕಲಿಸಬೇಕು, ಪದವಿಯ ತರಗತಿಗೆ ಬಂದಮೇಲೆ ಕಲಿತರಾಗದೇ ಎಂದು ಕೆಲವರು ಕೇಳಬಹುದು. ಇದಕ್ಕೆ ನನ್ನ ಉತ್ತರ ಮೂರು ವಿಧವಾಗಿದೆ.

ಮೊದಲನೆಯದಾಗಿ, ನಮ್ಮ ಮಕ್ಕಳಲ್ಲಿ ಅನೇಕರು ಪದವಿಯ ತರಗತಿಯವರೆಗೆ ಬರುವುದೇ ಇಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಶೇಕಡ 91.12 ಫಲಿತಾಂಶದೊಡನೆ ರಾಜ್ಯದಲ್ಲಿ ಮೊದಲು ನಿಂತಿತು. ನಮ್ಮ ಕಲಬುರಗಿ ಜಿಲ್ಲೆಯು ಶೇಕಡ 42.43 ಪಡೆದು ಎಲ್ಲಕ್ಕಿಂತ ಕೊನೆಗೆ ನಿಂತಿತು. ನೂರು ಮಕ್ಕಳಲ್ಲಿ ಐವತ್ತೇಳು ಮಂದಿಯನ್ನು ಆ ಪರೀಕ್ಷೆಯು ಬಾಗಿಲಲ್ಲಿಯೇ ತಡೆಯಿತೆಂದು ಇದರ ಅರ್ಥ. ಮುಂದಿನ ಪರೀಕ್ಷೆಗಳಲ್ಲಿ ಕೆಲವರು ದಾಟುತ್ತಾರೆಂಬುದು ನಿಜ. ಆದರೂ ಈ ಅಂಕಿಯನ್ನು ನೋಡಿ ಸುಮ್ಮನಿರುವುದು ಶಿಕ್ಷಕರಾದ ನಮಗೆ ಸಲ್ಲದು.

ಎರಡನೆಯದಾಗಿ, ಪಾಠಕ್ಕೂ ಬದುಕಿಗೂ ಇರುವ ನಂಟನ್ನು ಕಾಣದ ಮಗು ಪಾಠವನ್ನು ಕಲಿಯಲಾರದು. ಶೇಕಡವಾರು ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಕಂಡು ಹೆದರುವ ಹುಡುಗಿಯು ಒಂದು ಅಂಗನವಾಡಿಯ ಮಕ್ಕಳಲ್ಲಿ ಎಷ್ಟು ಮಂದಿಯ ತೂಕ ಕಡಿಮೆಯಿದೆ ಎಂಬುದನ್ನು ತಾನೇ ಎಣಿಸಿ ಬರೆದಾಗ ಹೆದರುವುದಿಲ್ಲ. ಪ್ರಾಯೋಗಿಕ ತರಬೇತಿಯಿಂದ ಓದಿಗೆ ಒಂದು ಕಾರಣ ದೊರೆಯುತ್ತದೆ.

ಮೂರನೆಯದಾಗಿ, ಮುಂದೇನು ಓದಬೇಕೆಂಬ ನಿರ್ಧಾರವನ್ನು ನಮ್ಮ ಮಕ್ಕಳು ಹತ್ತನೆಯ ತರಗತಿಯ ಬೇಸಿಗೆಯಲ್ಲಿ ಮಾಡುತ್ತಾರೆ. ಬಹುಮಟ್ಟಿಗೆ ಕಾಣದೆ ಮಾಡುತ್ತಾರೆ. ನೆರೆಮನೆಯವನು ಏನು ಓದಿದನೋ ಅದು, ಅಥವಾ ಯಾವ ಕಾಲೇಜಿಗೆ ಬಸ್ಸು ಹೋಗುತ್ತದೆಯೋ ಅಲ್ಲಿಯದು. ಶುಶ್ರೂಷೆಯ ಕೆಲಸವನ್ನು ಒಂದು ದಿನವಾದರೂ ಹತ್ತಿರದಿಂದ ನೋಡಿದವನು ‘ಇದು ನನಗೆ ಹೌದು’ ಎಂದಾದರೂ ‘ಅಲ್ಲ’ ಎಂದಾದರೂ ಹೇಳಬಲ್ಲನು. ಅಲ್ಲವೆಂದು ತಿಳಿಯುವುದೂ ಲಾಭವೇ.

ಹಿಂದಿನ ಪ್ರಯತ್ನಗಳು

ಕೈಕೆಲಸವನ್ನೂ ವಿದ್ಯೆಯನ್ನೂ ಜೊತೆಗೂಡಿಸುವ ವಿಚಾರವು ನಮಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೋಡಿಯಾಗಿ ಹೇಳಿದರು. ದುಡಿದು ಗಳಿಸುವುದು ಕಾಯಕ, ಗಳಿಸಿದ್ದನ್ನು ಹಂಚಿ ಉಣ್ಣುವುದು ದಾಸೋಹ. ಯಾವ ಕಾಯಕವೂ ಕೀಳಲ್ಲವೆಂಬ ಅವರ ಮಾತು ಇಂದಿನ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು.

ಆಧುನಿಕ ಕಾಲದಲ್ಲಿ, 1937ರಲ್ಲಿ ವಾರ್ಧಾದಲ್ಲಿ ನೆರೆದ ಶಿಕ್ಷಣ ಸಮ್ಮೇಳನವು ಮಹಾತ್ಮಾ ಗಾಂಧಿಯವರ ‘ನಯೀ ತಾಲೀಮ್’ ಅಥವಾ ಮೂಲಶಿಕ್ಷಣದ ಪದ್ಧತಿಯನ್ನು ದೇಶದ ಮುಂದಿಟ್ಟಿತು. 1952-53ರ ಮುದಲಿಯಾರ್ ಆಯೋಗವು ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. 1964-66ರ ಕೊಠಾರಿ ಆಯೋಗವು ‘ಕಾರ್ಯಾನುಭವ’ವು ಶಿಕ್ಷಣದ ಅಂಗವಾಗಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ‘ಸಮಾಜೋಪಯೋಗಿ ಉತ್ಪಾದಕ ಕೆಲಸ’ ಎಂಬ ಹೆಸರನ್ನು ಕೊಟ್ಟಿತು. ನಮ್ಮ ರಾಜ್ಯದಲ್ಲಿ ಪಿ.ಯು. ಮಟ್ಟದಲ್ಲಿ ಜೆ.ಒ.ಸಿ. ಎಂಬ ವೃತ್ತಿಶಿಕ್ಷಣದ ಕೋರ್ಸುಗಳು ಬಹುಕಾಲ ನಡೆದು ನಿಂತುಹೋದವು. 2013ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಅದರ ಪ್ರಕಾರ ಕರ್ನಾಟಕದ ಕೆಲವು ಸರಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಮೋಟಾರು ವಾಹನ, ಸೌಂದರ್ಯ ಮತ್ತು ಸ್ವಾಸ್ಥ್ಯ, ಆರೋಗ್ಯ ಆರೈಕೆ ಮುಂತಾದ ವಿಷಯಗಳು ಬಂದವು. ಇವುಗಳನ್ನು ಮೂರನೆಯ ಭಾಷೆಯ ಬದಲಾಗಿ ಆಯ್ದುಕೊಳ್ಳಲು ಅವಕಾಶ ದೊರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿ, ಆ ದಿನಗಳಲ್ಲಿ ಅವರು ಸ್ಥಳೀಯ ಕಸಬುದಾರರ ಬಳಿ ಕಲಿಯಬೇಕೆಂದಿತು.

ಇಷ್ಟು ಆಯೋಗಗಳು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾಯಿತೆಂದರೆ, ಆ ಮಾತು ನೆಲಕ್ಕೆ ಇಳಿಯಲಿಲ್ಲವೆಂದೇ ತಿಳಿಯಬೇಕು. ಕಾರಣಗಳನ್ನು ನಾನು ಹೀಗೆ ಗ್ರಹಿಸಿದ್ದೇನೆ. ಒಂದು, ಪ್ರಾಯೋಗಿಕವೆಂಬುದು ಅಂಕಪಟ್ಟಿಯ ಒಂದು ಅಂಕಣವಾಗಿ ಉಳಿಯಿತು. ಎರಡು, ಅದು ಓದಿನಲ್ಲಿ ಹಿಂದುಳಿದವರಿಗೆ ಮಾತ್ರ ಎಂಬ ಭಾವನೆ ಬೆಳೆಯಿತು. ಮೂರು, ಅದನ್ನು ಕಲಿತವನಿಗೆ ಮುಂದಿನ ಮೆಟ್ಟಿಲು ಕಾಣಲಿಲ್ಲ. ಈ ಮೂರನ್ನೂ ಸರಿಪಡಿಸದೆ ಹೊಸ ಹೆಸರನ್ನು ಇಟ್ಟರೆ ಪ್ರಯೋಜನವಿಲ್ಲ.

ಹೊರಗಿನ ನಿದರ್ಶನಗಳು

ಜನಸೇವೆಯು ತರಬೇತಿ ಬೇಡುವ ವೃತ್ತಿಯೆಂದು ಜಗತ್ತು ಒಪ್ಪಿಕೊಂಡುದು ಬಹಳ ಹಿಂದೇನೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಆರಂಭಿಸಿದ್ದು 1860ರಲ್ಲಿ. ಜೇನ್ ಆಡಮ್ಸ್ ಎಂಬಾಕೆ ಷಿಕಾಗೋ ನಗರದ ಬಡವರ ಓಣಿಯಲ್ಲಿ ‘ಹಲ್ ಹೌಸ್’ ಎಂಬ ಸೇವಾಮನೆಯನ್ನು 1889ರಲ್ಲಿ ತೆರೆದಳು. ಸೇವೆ ಮಾಡುವವರು ಸೇವೆ ಪಡೆಯುವವರ ನೆರೆಯಲ್ಲಿಯೇ ವಾಸಿಸಬೇಕೆಂಬುದು ಆಕೆಯ ತತ್ತ್ವವಾಗಿದ್ದಿತು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ವಿದ್ಯಾಲಯವು ಆರಂಭವಾಯಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ. ಕ್ಷೇತ್ರಕಾರ್ಯವಿಲ್ಲದೆ ಸಮಾಜಕಾರ್ಯದ ಪದವಿಯಿಲ್ಲ ಎಂಬುದು ಇಂದಿಗೂ ಈ ವಿದ್ಯೆಯ ನಿಯಮ.

ನಮ್ಮ ರಾಜ್ಯದಲ್ಲಿಯೇ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಅಲ್ಲಿ ಶಾಲೆ, ಆರೋಗ್ಯ, ಕಸಬು ಇವು ಒಂದೇ ಅಂಗಳದಲ್ಲಿ ಬೆಳೆದವು. ಸೋಲಿಗರ ಹೆಣ್ಣುಮಕ್ಕಳು ಓದಿ, ತರಬೇತಿ ಪಡೆದು, ತಮ್ಮ ಜನರಿಗೇ ಆರೋಗ್ಯ ಕಾರ್ಯಕರ್ತೆಯರಾದರು. ಕೇರಳದ ಕೋಳಿಕೋಡಿನಲ್ಲಿ 1993ರಲ್ಲಿ ಆರಂಭವಾದ ನೋವು ಮತ್ತು ಉಪಶಮನ ಆರೈಕೆಯ ಸಂಘವು ಮಾಡಿದ ಕಾರ್ಯವೂ ಹೀಗೆಯೇ ಸ್ಮರಣೀಯ. ಗುಣವಾಗದ ರೋಗದಿಂದ ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲಿಯೇ ನೋಡಿಕೊಳ್ಳಲು ನೆರೆಹೊರೆಯ ಸಾಮಾನ್ಯ ಜನರಿಗೆ ಅಲ್ಲಿ ತರಬೇತಿ ಕೊಡಲಾಯಿತು. ವಿದ್ಯಾರ್ಥಿಗಳೂ ಅದರಲ್ಲಿ ಸೇರಿದರು. ವೈದ್ಯನ ಕೆಲಸವನ್ನು ವೈದ್ಯನೇ ಮಾಡಬೇಕು. ಆದರೆ ವೈದ್ಯನು ಹೊರಟುಹೋದಮೇಲೆ ಉಳಿಯುವ ಇಪ್ಪತ್ಮೂರು ಗಂಟೆಯ ಕೆಲಸಕ್ಕೆ ನೆರೆಯವರೇ ಬೇಕು ಎಂಬುದನ್ನು ಅವರು ತೋರಿಸಿಕೊಟ್ಟರು.

ಬ್ರಹ್ಮಪುರವೆಂಬ ಪಾಠಶಾಲೆ

ಈಗ ನಮ್ಮ ಬ್ರಹ್ಮಪುರಕ್ಕೆ ಬರೋಣ. ಇದು ಕಲಬುರಗಿಯ ಹಳೆಯ ಭಾಗಗಳಲ್ಲೊಂದು. ಇದರ ಆಸುಪಾಸಿನಲ್ಲಿಯೇ ಶರಣಬಸವೇಶ್ವರರ ದೇವಾಲಯವಿದೆ, ಕೆರೆಯಿದೆ. ಅರಳಗುಂಡಗಿಯಿಂದ ಬಂದ ಆ ಮಹಾನುಭಾವರ ಹೆಸರು ನಮ್ಮ ಜನರ ಬಾಯಲ್ಲಿ ದಾಸೋಹದೊಡನೆಯೇ ಬರುತ್ತದೆ. ಊರಿನ ಇನ್ನೊಂದು ಕಡೆಗೆ 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾ ಇದೆ. ಹಸಿದವನ ಜಾತಿಯನ್ನು ಕೇಳದೆ ಅನ್ನವಿಡುವ ಸಂಪ್ರದಾಯವು ಈ ಊರಿನ ಎರಡೂ ಮಗ್ಗುಲಿನಲ್ಲಿದೆ. ಓಣಿಯಲ್ಲಿ ನಡೆದರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಆಳಂದ, ಅಫಜಲಪುರ, ಚಿತ್ತಾಪುರ, ಜೇವರ್ಗಿ ತಾಲ್ಲೂಕುಗಳಿಂದ ದವಾಖಾನೆಗೆಂದು ಬಂದವರು ಈ ಊರಿನಲ್ಲಿ ದಿನವೂ ಕಾಣಸಿಗುತ್ತಾರೆ. ಜನಸೇವೆಯನ್ನು ಕಲಿಯಬೇಕೆಂಬವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿ ದೊರೆತೀತು?

ಈ ವಿಚಾರವನ್ನು ಪರೀಕ್ಷಿಸಿ ನೋಡಬೇಕೆಂದು ನಾನೂ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳೂ ಸೇರಿ ಓಣಿಯ ಒಂಬತ್ತನೆಯ ತರಗತಿಯ ಹನ್ನೊಂದು ಮಂದಿ ಮಕ್ಕಳಿಗೆ, ಅವರ ತಂದೆತಾಯಿಗಳ ಒಪ್ಪಿಗೆಯನ್ನು ಪಡೆದು, ಆರು ಶನಿವಾರಗಳ ಒಂದು ಚಿಕ್ಕ ಅಭ್ಯಾಸವನ್ನು ನಡೆಸಿದೆವು. ಮೊದಲನೆಯ ಶನಿವಾರ ಒಬ್ಬ ನಿವೃತ್ತ ದಾದಿಯವರು ಬಂದರು. ಮಕ್ಕಳು ಬ್ಯಾಂಡೇಜು ಕಟ್ಟುವುದನ್ನು ಕಲಿಯಲು ಆತುರಪಡುತ್ತಿದ್ದರು. ಅವರು, “ಮೊದಲ ಕೈ ತೊಳಕೊಳ್ರಿ, ಆಮ್ಯಾಲ ಮುಟ್ಟರಿ” ಎಂದು ಅರ್ಧ ಗಂಟೆ ಬರಿಯ ಕೈ ತೊಳೆಯುವುದನ್ನೇ ಕಲಿಸಿದರು. ಬೆರಳ ಸಂದಿ, ಉಗುರಿನ ಕೆಳಗೆ, ಹೆಬ್ಬೆರಳಿನ ಬುಡ. ಅಂದಿನ ಪಾಠ ಅದೊಂದೇ.

ಇನ್ನೊಂದು ಶನಿವಾರ ಮಕ್ಕಳು ಇಬ್ಬಿಬ್ಬರಾಗಿ ಓಣಿಯ ಮುದುಕರ ಮನೆಗಳಿಗೆ ಹೋಗಿ ಅರ್ಧ ಗಂಟೆ ಕುಳಿತು ಬರಬೇಕಾಗಿದ್ದಿತು. ಏನನ್ನೂ ಕೊಡಕೂಡದು, ಉಪದೇಶ ಮಾಡಕೂಡದು, ಕೇಳಬೇಕು, ಅಷ್ಟೇ. ಒಬ್ಬ ಹುಡುಗಿಯು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಬ್ಬ ಅಜ್ಜಿಯ ಮಾತನ್ನು ಬರೆದುಕೊಂಡು ಬಂದಳು: “ಗುಳಿಗಿ ನುಂಗಿದೇನಂತ ಎಲ್ಲರೂ ಕೇಳ್ತಾರವ್ವಾ, ರಾತ್ರಿ ನಿದ್ದಿ ಬಂತೇನಂತ ಯಾರೂ ಕೇಳಂಗಿಲ್ಲ.” ಅದರ ಕೆಳಗೆ ಆ ಹುಡುಗಿಯು, ‘ನಾಳೆ ನಾನು ಮೊದಲು ನಿದ್ದೆಯ ಬಗ್ಗೆ ಕೇಳುತ್ತೇನೆ’ ಎಂದು ತಾನಾಗಿಯೇ ಬರೆದಿದ್ದಳು. ಸಮಾಜಕಾರ್ಯದ ಪುಸ್ತಕಗಳು ಒಂದು ಅಧ್ಯಾಯದಲ್ಲಿ ಹೇಳುವುದನ್ನು ಅವಳು ಒಂದು ಸಾಲಿನಲ್ಲಿ ಕಂಡುಕೊಂಡಿದ್ದಳು.

ಮತ್ತೊಬ್ಬ ಹುಡುಗ ಗಣಿತದಲ್ಲಿ ಬಹಳ ಹಿಂದೆ. ಆದರೆ ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುವವನು. ಒಂದು ದವಾಖಾನೆಯವರ ಅನುಮತಿಯಿಂದ ಅವನನ್ನು ಚೀಟಿ ಬರೆಸುವ ಕಿಟಕಿಯ ಪಕ್ಕದಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನ ಜೊತೆಗೆ ನಿಲ್ಲಿಸಿದೆವು. ಹಳ್ಳಿಯಿಂದ ಬಂದವರಿಗೆ ಎಲ್ಲಿ ನಿಲ್ಲಬೇಕು, ಎಕ್ಸ್‌ರೇ ಕೋಣೆ ಯಾವ ಕಡೆಗೆ, ಯಾವ ಕಾಗದ ಬೇಕು ಎಂಬುದನ್ನು ಅವರವರ ಭಾಷೆಯಲ್ಲಿ ಹೇಳುವುದು ಅವನ ಕೆಲಸ. ಎರಡು ಗಂಟೆಯಲ್ಲಿ ಅವನು ನಲವತ್ತಕ್ಕಿಂತ ಹೆಚ್ಚು ಮಂದಿಗೆ ದಾರಿ ತೋರಿಸಿದನು. ಶಾಲೆಯ ಅಂಕಪಟ್ಟಿಯಲ್ಲಿ ಆ ಹುಡುಗನ ಮೂರು ಭಾಷೆಗಳಿಗೆ ಜಾಗವೇ ಇಲ್ಲ. ದವಾಖಾನೆಯ ಬಾಗಿಲಲ್ಲಿ ಅವು ಮೂರೂ ವಿದ್ಯೆಗಳಾದವು.

ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು

ಪ್ರಾಯೋಗಿಕ ತರಬೇತಿಗೆ ನಾಲ್ಕು ಹಂತಗಳಿವೆಯೆಂದು ನನ್ನ ಅಭಿಪ್ರಾಯ. ಮೊದಲು ನೋಡುವುದು, ಆಮೇಲೆ ಕಲಿಸುವವರ ಜೊತೆಗೂಡಿ ಮಾಡುವುದು, ಅದಾದ ಮೇಲೆ ಅವರ ಕಣ್ಣೆದುರಿಗೆ ತಾನೇ ಮಾಡುವುದು, ಕೊನೆಗೆ ಮಾಡಿದ್ದನ್ನು ಬರೆದು ತಿಳಿಸುವುದು. ನಾಲ್ಕನೆಯ ಹಂತವನ್ನು ಬಿಟ್ಟರೆ ತರಬೇತಿಯು ಕೂಲಿಯಾಗುತ್ತದೆ; ಎರಡನೆಯದನ್ನು ಬಿಟ್ಟರೆ ಅಪಾಯವಾಗುತ್ತದೆ.

ಪ್ರೌಢಶಾಲೆಯ ಮಕ್ಕಳು ಸುರಕ್ಷಿತವಾಗಿ ಕಲಿಯಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ವಿವರಿಸುತ್ತೇನೆ.

ನಾಡಿಯನ್ನು ಎಣಿಸುವುದು: ಮಣಿಕಟ್ಟಿನ ಹೆಬ್ಬೆರಳಿನ ಕಡೆಗೆ ಎರಡು ಬೆರಳನ್ನು ಇಟ್ಟು ಗಡಿಯಾರ ನೋಡಿ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕನಿಗೆ ಸಾಮಾನ್ಯವಾಗಿ 60ರಿಂದ 100. ಹೆಬ್ಬೆರಳಿನಿಂದ ಹಿಡಿಯಕೂಡದು, ಹಿಡಿದವನ ನಾಡಿಯೇ ಅದರಲ್ಲಿ ಬಡಿಯುತ್ತದೆ.

ಭೇದಿಗೆ ಮನೆಯ ಪಾನಕ: ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಎಳೆಯ ಮಗುವಿಗೆ ಕೆಡುಕು, ಆದುದರಿಂದ ಅಳತೆಯೇ ಇಲ್ಲಿ ವಿದ್ಯೆ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನು ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು ಮತ್ತು ಲವಣಗಳನ್ನು ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಅಂದು ಅದನ್ನು ರೋಗಿಗಳ ಬಂಧುಗಳೂ ಕುಡಿಸಿದರೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಅಂಗಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವಿದ್ದರೆ ಅದೇ ಉತ್ತಮ.

ಮಗುವಿನ ತೋಳಿನ ಅಳತೆ: ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಪಟ್ಟಿಯಲ್ಲಿ ಕೆಂಪು, 11.5ರಿಂದ 12.5ರವರೆಗೆ ಹಳದಿ, ಅದಕ್ಕೆ ಮೇಲೆ ಹಸಿರು. ಕೆಂಪು ಬಂದ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಂಗನವಾಡಿ ಕಾರ್ಯಕರ್ತೆಯವರ ಪಕ್ಕದಲ್ಲಿ ಕುಳಿತು ಒಂದು ಬೆಳಗ್ಗೆ ಈ ಕೆಲಸ ಮಾಡಿದ ವಿದ್ಯಾರ್ಥಿಗೆ ಅಪೌಷ್ಟಿಕತೆ ಎಂಬ ಪದವನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟಿದ್ದು ಟಿ. ನರಸೀಪುರದಲ್ಲಿ, ಇಂದು ಅಂಗನವಾಡಿಯಿಲ್ಲದ ಓಣಿ ಅಪರೂಪ. ಪ್ರತಿಯೊಂದು ಪ್ರೌಢಶಾಲೆಗೂ ಕೂಗಳತೆಯಲ್ಲಿ ಒಂದು ಪ್ರಯೋಗಶಾಲೆ ಇದ್ದಂತೆ ಇದು.

ಹಾಸಿಗೆ ಹಿಡಿದವರ ಆರೈಕೆ: ಅಲುಗಾಡಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಮತ್ತು ಸೊಂಟದಲ್ಲಿ ಹುಣ್ಣಾಗುತ್ತದೆ. ಎತ್ತುವವನು ಸೊಂಟವನ್ನು ಬಗ್ಗಿಸದೆ ಮೊಣಕಾಲನ್ನು ಬಗ್ಗಿಸಬೇಕು. ಇದನ್ನು ಮಕ್ಕಳು ಮೊದಲು ತಮ್ಮತಮ್ಮಲ್ಲಿಯೇ ಅಭ್ಯಾಸ ಮಾಡಬೇಕು; ತಾನೇ ಮಲಗಿ ಎತ್ತಿಸಿಕೊಂಡವನಿಗೆ ಎತ್ತುವಾಗ ಎಷ್ಟು ಮೃದುವಾಗಿರಬೇಕೆಂಬುದು ತಿಳಿಯುತ್ತದೆ.

ಬಿಸಿಲಿನ ಆಘಾತ: ನಮ್ಮದು ಬಿಸಿಲುನಾಡು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸುವ ಪದ್ಧತಿಯುಂಟು. ಬಿಸಿಲಿನಲ್ಲಿ ದುಡಿಯುವವನು ಮೈ ಸುಡುತ್ತ, ತಪ್ಪುತಪ್ಪಾಗಿ ಮಾತಾಡುತ್ತ ಬಿದ್ದರೆ ನೆರಳಿಗೆ ಒಯ್ಯಬೇಕು, ಬಟ್ಟೆ ಸಡಿಲಿಸಬೇಕು, ಮೈಗೆ ನೀರು ಹಾಕಿ ಗಾಳಿ ಬೀಸಬೇಕು, 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು.

ಇವಲ್ಲದೆ ಪಿಂಚಣಿಯ ಅರ್ಜಿಯನ್ನು ಓದಿ ತಿಳಿಸುವುದು, ಔಷಧದ ಚೀಟಿಯಲ್ಲಿ ಬೆಳಗ್ಗೆ ಸಂಜೆಗಳನ್ನು ಗುರುತು ಹಾಕಿ ಕೊಡುವುದು, ಕುರುಡರನ್ನು ಕೈಹಿಡಿದು ಎಳೆಯದೆ ತನ್ನ ಮೊಣಕೈಯನ್ನು ಅವರಿಗೆ ಹಿಡಿಯಕೊಟ್ಟು ನಡೆಸುವುದು, ಕಿವುಡರ ಸಂಜ್ಞಾಭಾಷೆಯ ಕೆಲವು ಮಾತುಗಳು, ಇವೆಲ್ಲವೂ ಪಾಠಗಳೇ. ಎಲ್ಲಕ್ಕಿಂತ ಮುಖ್ಯವಾದುದು ಗುಟ್ಟನ್ನು ಕಾಯುವ ಪಾಠ. ಒಂದು ಮನೆಯಲ್ಲಿ ಕಂಡುದನ್ನು ಇನ್ನೊಂದು ಮನೆಯಲ್ಲಿ ಆಡಕೂಡದು. ಆದರೆ ಒಂದು ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆಂದು ತಿಳಿದುಬಂದರೆ ಅದನ್ನು ಗುಟ್ಟಾಗಿಡಕೂಡದು. ಕೂಡಲೇ ಶಿಕ್ಷಕರಿಗೆ ಹೇಳಬೇಕು, 1098 ಎಂಬ ಮಕ್ಕಳ ಸಹಾಯವಾಣಿಯು ಗೊತ್ತಿರಬೇಕು.

ಅಪಾಯಗಳು

ಇನ್ನು ಅಪಾಯಗಳ ವಿಷಯ. ಇವುಗಳನ್ನು ಮುಚ್ಚಿಟ್ಟು ಬರಿಯ ಹೊಗಳಿಕೆಯನ್ನು ಬರೆಯುವುದು ಅಧ್ಯಯನವಾಗಲಾರದು.

ಸೇವೆಯ ಕೆಲಸವು ನಮ್ಮ ಸಮಾಜದಲ್ಲಿ ಶತಮಾನಗಳಿಂದ ಕೆಲವು ಜಾತಿಗಳ ಮತ್ತು ಹೆಂಗಸರ ತಲೆಯ ಮೇಲೆ ಬಿದ್ದಿದೆ. ಹುಣ್ಣು ತೊಳೆಯುವವರು, ಹೆರಿಗೆ ಮಾಡಿಸುವವರು, ಹೊಲಸನ್ನು ಬಳಿಯುವವರು ಯಾರಾಗಿದ್ದರೆಂಬುದು ಎಲ್ಲರಿಗೂ ಗೊತ್ತು. ಈಗ ‘ಆರೋಗ್ಯ ಆರೈಕೆ’ ಎಂಬ ಹೊಸ ಹೆಸರಿನಲ್ಲಿ ಬಡವರ, ದಲಿತರ ಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಮಾತ್ರ ಈ ತರಬೇತಿಗೆ ಸೇರಿಸಿ, ಉಳಿದವರನ್ನು ವಿಜ್ಞಾನ ಮತ್ತು ಇಂಗ್ಲಿಷಿಗೆ ಕಳುಹಿಸಿದರೆ, ಹಳೆಯ ಗೋಡೆಗೆ ಹೊಸ ಸುಣ್ಣ ಬಳಿದಂತಾಗುತ್ತದೆ. ಆದುದರಿಂದ ತರಗತಿಯ ಎಲ್ಲ ಮಕ್ಕಳೂ, ಗಂಡುಹುಡುಗರೂ, ಜಾಣರೂ, ಶ್ರೀಮಂತರ ಮಕ್ಕಳೂ ಇದರಲ್ಲಿ ಪಾಲ್ಗೊಳ್ಳಬೇಕು. ನಾಳೆ ಎಂಜಿನಿಯರನಾಗುವವನಿಗೂ ಮನೆಯಲ್ಲಿ ಹಾಸಿಗೆ ಹಿಡಿಯುವ ತಂದೆಯಿರುತ್ತಾನೆ.

ಎರಡನೆಯ ಅಪಾಯವು ಬಿಟ್ಟಿ ದುಡಿಮೆಯದು. ಸಿಬ್ಬಂದಿ ಸಾಲದ ಕಡೆ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚುವುದು ಸುಲಭ. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ಹದಿನಾಲ್ಕರಿಂದ ಹದಿನೆಂಟು ವರ್ಷದವರನ್ನು ಅಪಾಯಕರ ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದೆ. ಸೂಜಿ, ರಕ್ತ, ದವಾಖಾನೆಯ ತ್ಯಾಜ್ಯ, ಸೋಂಕು ರೋಗದ ವಾರ್ಡು ಇವು ಮಕ್ಕಳಿಗೆ ಸಲ್ಲವು. ಕಲಿಯುವವನು ಒಬ್ಬನೇ ಇರಕೂಡದು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬೇಡವೆಂದು ನನ್ನ ಸೂಚನೆ.

ಮೂರನೆಯದು, ಕನಿಕರದ ಪ್ರದರ್ಶನ. ಹಣ್ಣು ಹಂಚಿ ರೋಗಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಸೇವೆಯೆಂದು ಮಕ್ಕಳು ತಿಳಿಯಕೂಡದು. ತರಬೇತಿಯ ವೇಳೆಯಲ್ಲಿ ಫೋಟೋ ಬೇಡವೆಂಬ ನಿಯಮವಿದ್ದರೆ ಅರ್ಧ ತೊಂದರೆ ತಪ್ಪುತ್ತದೆ.

ನಾಲ್ಕನೆಯದೂ ಅತಿ ಮುಖ್ಯವಾದುದೂ ಸಂಬಳದ ಪ್ರಶ್ನೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತು ತಿಂಗಳಿಗೆ ನಿಶ್ಚಿತ ಗೌರವಧನವನ್ನು ಕೇಳಬೇಕಾಯಿತು. ಅಂಗನವಾಡಿಯವರಿಗೆ ಉಪದಾನ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಡಬೇಕಾಯಿತು. ಸೇವೆಯೆಂದರೆ ತ್ಯಾಗವೆಂದು ಹೇಳುತ್ತ ಕೂಲಿಯನ್ನು ಕಡಿಮೆ ಮಾಡುವ ಸಮಾಜವು ಆ ಮಾತನ್ನು ಮಕ್ಕಳಿಗೆ ಬೋಧಿಸುವ ಹಕ್ಕನ್ನು ಕಳೆದುಕೊಳ್ಳುತ್ತದೆ. ತರಬೇತಿ ಪಡೆಯುವ ಮಗುವಿಗೆ ಈ ವೃತ್ತಿಯ ಗೌರವದ ಜೊತೆಗೆ ಈ ವೃತ್ತಿಯವರ ಹಕ್ಕನ್ನೂ ತಿಳಿಸಬೇಕು. ಕಾಯಕವೆಂದರೆ ಬಿಟ್ಟಿಯಲ್ಲ.

ಮುಂದಿನ ಮೆಟ್ಟಿಲುಗಳು

ದಾರಿ ಕಾಣದೆ ಹಿಂದಿನ ಯೋಜನೆಗಳು ಸೊರಗಿದವೆಂದು ಮೇಲೆ ಹೇಳಿದೆನಷ್ಟೆ. ಆದುದರಿಂದ ಮೆಟ್ಟಿಲುಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಎಸ್.ಎಸ್.ಎಲ್.ಸಿ. ಆದಮೇಲೆ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ. ಪಿ.ಯು.ಸಿ. ಮುಗಿಸಿದವರಿಗೆ ಎ.ಎನ್.ಎಂ. ಮತ್ತು ಜಿ.ಎನ್.ಎಂ. ಶುಶ್ರೂಷಾ ಶಿಕ್ಷಣ, ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ನರ್ಸಿಂಗ್. ಯಾವ ವಿಭಾಗದಲ್ಲಿ ಪಿ.ಯು.ಸಿ. ಆಗಿದ್ದರೂ ಸಮಾಜಕಾರ್ಯದ ಪದವಿಯಾದ ಬಿ.ಎಸ್.ಡಬ್ಲ್ಯೂ., ಅನಂತರ ಎಂ.ಎಸ್.ಡಬ್ಲ್ಯೂ. ಅಂಗವಿಕಲ ಮಕ್ಕಳಿಗೆ ಕಲಿಸಬೇಕೆಂಬವರಿಗೆ ವಿಶೇಷ ಶಿಕ್ಷಣದ ಡಿಪ್ಲೊಮಾ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಕ್ಷೇತ್ರದಲ್ಲಿ ಜಾಗವಿಲ್ಲವೆಂಬುದು ತಪ್ಪು ತಿಳಿವಳಿಕೆ. 2013ರಿಂದ ನಮ್ಮ ಭಾಗಕ್ಕೆ ಸಂವಿಧಾನದ 371 (ಜೆ) ವಿಧಿಯ ಪ್ರಕಾರ ಶಿಕ್ಷಣ ಮತ್ತು ಸರಕಾರಿ ನೌಕರಿಗಳಲ್ಲಿ ಮೀಸಲಾತಿ ದೊರೆತಿದೆ. ಆದರೆ ಮೀಸಲಾದ ಜಾಗವನ್ನು ತುಂಬಲು ಅರ್ಹರಾದವರು ಬೇಕು. ಅವರು ಇಂದು ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದಾರೆ.

ಕಾರ್ಯಕ್ರಮವನ್ನು ಹೀಗೆ ಹಂಚಿಕೊಳ್ಳಬಹುದು. ಎಂಟನೆಯ ತರಗತಿಯಲ್ಲಿ ಪ್ರಥಮ ಚಿಕಿತ್ಸೆ ಮತ್ತು ನೋಡಿ ಬರೆಯುವುದು. ಒಂಬತ್ತರಲ್ಲಿ ತಿಂಗಳಿಗೆ ಎರಡು ಶನಿವಾರ ಅಂಗನವಾಡಿ, ವೃದ್ಧರ ಮನೆ, ದವಾಖಾನೆಯ ಹೊರಾವರಣ. ಹತ್ತರಲ್ಲಿ ಪರೀಕ್ಷೆಯ ಭಾರವಿರುವುದರಿಂದ ಮೊದಲ ಅವಧಿಯಲ್ಲಿ ಮಾತ್ರ ಒಂದು ಚಿಕ್ಕ ಅಧ್ಯಯನ. ಕಲಿಸಲು ಬರುವ ದಾದಿಯರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಅತಿಥಿ ಶಿಕ್ಷಕರೆಂಬ ಗೌರವವನ್ನೂ ಸಂಭಾವನೆಯನ್ನೂ ಕೊಡಬೇಕು.

ಕೊನೆಯದಾಗಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಗಾಂಧೀ ಜನ್ಮ ಶತಾಬ್ದಿಯ 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕೆಂಬುದು ನಿಯಮ. ಆ ಗಂಟೆಗಳಲ್ಲಿ ಕೆಲವನ್ನು ನಿಮ್ಮ ಓಣಿಯ ಪ್ರೌಢಶಾಲೆಯ ತಮ್ಮ ತಂಗಿಯರ ಜೊತೆಗೆ ಕಳೆಯಿರಿ. ಅವರಿಗೆ ಭಾಷಣ ಮಾಡಬೇಡಿರಿ; ಅವರೊಡನೆ ಒಂದು ಮನೆಗೆ ಹೋಗಿ ಕುಳಿತುಕೊಳ್ಳಿರಿ, ಒಂದು ನಾಡಿಯನ್ನು ಎಣಿಸಿರಿ, ಒಂದು ಅರ್ಜಿಯನ್ನು ಬರೆದುಕೊಡಿರಿ. ನಮ್ಮ ಜಿಲ್ಲೆಯು ಅಂಕಪಟ್ಟಿಯಲ್ಲಿ ಕೊನೆಯದಾಗಿರಬಹುದು. ಒಬ್ಬರನ್ನೊಬ್ಬರು ನೋಡಿಕೊಳ್ಳುವ ವಿದ್ಯೆಯಲ್ಲಿ ಅದು ಕೊನೆಯದಾಗಬೇಕಾದ ಕಾರಣವೇನೂ ಇಲ್ಲ. ಆ ವಿದ್ಯೆಯನ್ನು ಕಲಿತ ಮಕ್ಕಳು ಉಳಿದ ವಿದ್ಯೆಗಳನ್ನೂ ಕೈಬಿಡಲಾರರೆಂದು ನಾನು ನಂಬಿದ್ದೇನೆ.